ತಾಮ್ರದ ತಂಬಿಗೆಯ ನಿಂಬೆನೀರು: ಹಲ್ಲು ಜುಮ್ಮೆನ್ನುತ್ತಿದೆ, ಮುಂದುವರಿಸಬಹುದೇ?

ಬಸವನಗುಡಿ ಗೃಹಿಣಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ 58 ವರ್ಷ. ಕೃಷ್ಣರಾವ್ ಪಾರ್ಕಿನಲ್ಲಿ ಜೊತೆಗೆ ನಡೆಯುವ ಗೆಳತಿಯರ ಮಾತು ಕೇಳಿ, ಸುಮಾರು ಎಂಟು ತಿಂಗಳಿಂದ ನಿಂಬೆನೀರು ಕುಡಿಯುತ್ತಿದ್ದೇನೆ. ರಾತ್ರಿಯೇ ತಾಮ್ರದ ತಂಬಿಗೆಗೆ ನೀರು ತುಂಬಿ, ಒಂದು ನಿಂಬೆಹಣ್ಣು ಹಿಂಡಿ ಮುಚ್ಚಿಡುತ್ತೇನೆ. ಬೆಳಗ್ಗೆ ಎದ್ದು ಅದನ್ನು ಬೆಚ್ಚಗೆ ಮಾಡಿ, ಎರಡು ಚಮಚ ಜೇನುತುಪ್ಪ ಬೆರೆಸಿ, ಪತ್ರಿಕೆ ಓದುತ್ತಾ ಅರ್ಧ ಗಂಟೆ ಗುಟುಕು ಗುಟುಕಾಗಿ ಕುಡಿದು, ಅನಂತರ ಹಲ್ಲುಜ್ಜಿ ವಾಕಿಂಗಿಗೆ ಹೊರಡುತ್ತೇನೆ. ತೂಕ ಇಳಿಯುತ್ತದೆ, ರಕ್ತದ ಆಮ್ಲೀಯತೆ ಹೋಗಿ ದೇಹ ಕ್ಷಾರೀಯವಾಗುತ್ತದೆ ಎಂದು ಗೆಳತಿಯರು ಹೇಳುತ್ತಾರೆ. ನಮ್ಮ ಯಜಮಾನರಿಗೆ ಹಿಂದೆ ಮೂತ್ರಪಿಂಡದಲ್ಲಿ ಕಲ್ಲಾಗಿದ್ದುದರಿಂದ ಅವರೂ ಕುಡಿಯುತ್ತಾರೆ.

ತೂಕ ಒಂದು ಕಿಲೋ ಇಳಿದಿರುವುದು ನಿಜ. ನಡಿಗೆಯಿಂದಲೋ ನಿಂಬೆಯಿಂದಲೋ ತಿಳಿಯದು. ಆದರೆ ಎರಡು ತಿಂಗಳಿಂದ ತಣ್ಣೀರು ಬಾಯಿಗೆ ಹಾಕಿದರೆ ಹಲ್ಲು ಜುಮ್ಮೆನ್ನುತ್ತದೆ, ಕೆಲವು ದಿನ ಬೆಳಗ್ಗೆ ಹೊಟ್ಟೆ ತೊಳಸಿದಂತಾಗುತ್ತದೆ. ಒಂದೇ ಲಾಭವೆಂದರೆ, ಹುಣಸೆಹಣ್ಣು ಹಾಕಿ ತಿಕ್ಕದೆಯೇ ತಂಬಿಗೆಯ ಒಳಭಾಗ ಫಳಫಳ ಹೊಳೆಯುತ್ತಿದೆ! ಇದನ್ನು ಮುಂದುವರಿಸಬಹುದೇ?

ಜಯನಗರದ ದಂತವೈದ್ಯೆ

ಮೇಡಂ, ಬಾಯಿಯನ್ನು ನೋಡದೆ ಖಚಿತವಾಗಿ ಹೇಳಲಾಗದು. ವಯಸ್ಸಾದಂತೆ ಒಸಡು ಸರಿದು ಬೇರು ಕಾಣಿಸಿಕೊಂಡರೂ ಹೀಗೆಯೇ ಜುಮ್ಮೆನ್ನುತ್ತದೆ. ಆದರೂ ನೀವು ಬರೆದಿರುವ ದಿನಚರಿಯಲ್ಲಿ ಮೂರು ವಿಷಯಗಳು ನನ್ನನ್ನು ತಡೆದು ನಿಲ್ಲಿಸಿದವು.

ನಿಂಬೆರಸದ ಪಿಎಚ್ ಮೌಲ್ಯ (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) 2ರಿಂದ 3ರ ನಡುವೆ ಇರುತ್ತದೆ. ಬಾಯಿಯೊಳಗಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರವಾದ ಎನಾಮಲ್‌ನ ಖನಿಜಾಂಶ ಕರಗತೊಡಗುತ್ತದೆ. ನೀರು ಬೆರೆಸಿದರೆ ತೀವ್ರತೆ ತಗ್ಗುತ್ತದೆಯೇ ಹೊರತು ಆಮ್ಲ ಹೋಗುವುದಿಲ್ಲ. ಒಂದೇ ಸಲ ಕುಡಿದು ಮುಗಿಸಿದರೆ ಜೊಲ್ಲು ಸ್ವಲ್ಪ ಹೊತ್ತಿನಲ್ಲಿ ಬಾಯಿಯನ್ನು ಸರಿಪಡಿಸಿಕೊಳ್ಳುತ್ತದೆ. ಅರ್ಧ ಗಂಟೆ ಗುಟುಕರಿಸುತ್ತಿದ್ದರೆ ಆ ಅವಕಾಶವೇ ಸಿಗುವುದಿಲ್ಲ. ಅದರಲ್ಲೂ ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ ಸ್ರವಿಸುವುದರಿಂದ, ಎದ್ದ ಕೂಡಲೇ ಬಾಯಿ ಒಣಗಿರುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಕುಡಿದ ಮೇಲೆ ಹಲ್ಲುಜ್ಜುವುದು: ಆಮ್ಲದಿಂದ ಮೆತ್ತಗಾದ ಪದರವನ್ನು ನೀವೇ ಬ್ರಷ್ಷಿನಿಂದ ಉಜ್ಜಿ ತೆಗೆದಂತಾಗುತ್ತದೆ.

ಮೊದಲೇ ಹಲ್ಲುಜ್ಜಿರಿ. ನಿಂಬೆನೀರು ಬೇಕೇ ಬೇಕೆಂದಿದ್ದರೆ ತಿಂಡಿಯ ಜೊತೆ ಬೇಗ ಕುಡಿದು, ಬರಿಯ ನೀರಿನಿಂದ ಬಾಯಿ ಮುಕ್ಕಳಿಸಿ. ಆಮೇಲೆ ಅರ್ಧ ಗಂಟೆಯಾದರೂ ಬ್ರಷ್ ಮುಟ್ಟಬೇಡಿ. ಒಮ್ಮೆ ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ, ಆದರೆ ಫ್ಲೋರೈಡ್ ಇರುವ ಪೇಸ್ಟಿನಿಂದ ಜುಮ್ಮೆನ್ನುವುದನ್ನು ಹತೋಟಿಗೆ ತರಬಹುದು. ಹತ್ತಿರದ ದಂತವೈದ್ಯರಿಗೆ ಒಮ್ಮೆ ತೋರಿಸಿಬಿಡಿ.

ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ

ಹಲ್ಲಿನ ವಿಷಯವನ್ನು ವೈದ್ಯರು ಹೇಳಿದ್ದಾರೆ. ನಾನು ಬರೆಯುತ್ತಿರುವುದು ಆ ಹೊಳೆಯುವ ತಂಬಿಗೆಯ ಬಗ್ಗೆ. ದಯವಿಟ್ಟು ಇಂದು ರಾತ್ರಿಯಿಂದಲೇ ಅದರಲ್ಲಿ ನಿಂಬೆ ಹಿಂಡುವುದನ್ನು ನಿಲ್ಲಿಸಿ.

ಹುಣಸೆಹಣ್ಣಿನಿಂದ ತಾಮ್ರ ಬೆಳಗುವುದೇಕೆ? ಅದರ ಹುಳಿಯು ಮೇಲ್ಮೈಯ ಕಪ್ಪು ಆಕ್ಸೈಡನ್ನು ಕರಗಿಸುತ್ತದೆ. ನಾವು ಅದನ್ನು ಬಚ್ಚಲಿಗೆ ಚೆಲ್ಲುತ್ತೇವೆ. ನಿಮ್ಮ ತಂಬಿಗೆಯಲ್ಲಿ ಅದೇ ಕೆಲಸವನ್ನು ನಿಂಬೆಯ ಸಿಟ್ರಿಕ್ ಆಮ್ಲ ರಾತ್ರಿಯಿಡೀ ಮಾಡುತ್ತಿದೆ, ಕರಗಿದ ತಾಮ್ರವನ್ನು ನೀವು ಬೆಳಗ್ಗೆ ಕುಡಿಯುತ್ತಿದ್ದೀರಿ. ಬರಿಯ ನೀರನ್ನು ಒಂದು ರಾತ್ರಿ ಇಟ್ಟರೆ ಸಾಮಾನ್ಯವಾಗಿ ಅತ್ಯಲ್ಪ ತಾಮ್ರ ಸೇರುತ್ತದೆ. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 2 ಮಿಲಿಗ್ರಾಂ. ಹುಳಿ ಸೇರಿದ ನೀರು ಈ ಮಿತಿಯೊಳಗೇ ಉಳಿಯುತ್ತದೆ ಎಂದು ನಂಬಲಾಗದು. ತಾಮ್ರ ಹೆಚ್ಚಾದಾಗ ಮೊದಲು ಕಾಣುವ ಲಕ್ಷಣವೇ ಹೊಟ್ಟೆ ತೊಳಸುವುದು. ನಿಮ್ಮ ತೊಂದರೆಗೆ ಇದೇ ಕಾರಣವೆಂದು ನಾನು ಹೇಳಲಾರೆ, ಆದರೆ ಅನುಮಾನಕ್ಕೆ ಎಡೆಯಿದೆ. ನಮ್ಮ ತಾಯಿ ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ, ಮಜ್ಜಿಗೆಗಳನ್ನು ಇಡಗೊಡುತ್ತಿರಲಿಲ್ಲ, ಕಿಲುಬೇರುತ್ತದೆ ಎಂದು ಗದರುತ್ತಿದ್ದರು. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಕಲಾಯಿಯವನು ಕೂಗುತ್ತಾ ಬರುತ್ತಿದ್ದುದು ಅದಕ್ಕಾಗಿಯೇ.

ಇನ್ನು ದೇಹ ಕ್ಷಾರೀಯವಾಗುವ ಮಾತು. ರಕ್ತದ ಪಿಎಚ್ 7.35ರಿಂದ 7.45ರೊಳಗೆ ಇರುವಂತೆ ಶ್ವಾಸಕೋಶವೂ ಮೂತ್ರಪಿಂಡವೂ ಹಗಲಿರುಳು ನೋಡಿಕೊಳ್ಳುತ್ತವೆ. ನಿಂಬೆನೀರಿನಿಂದ ಮೂತ್ರದ ಗುಣ ಕೊಂಚ ಬದಲಾದೀತು, ರಕ್ತದ್ದು ಬದಲಾಗದು.

ಆಹಾರಶಾಸ್ತ್ರ ಬೋಧಕಿ, ಮಲ್ಲೇಶ್ವರಂ

ನಿಂಬೆಯನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯರು ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗಕ್ಕೆ ತುತ್ತಾಗಿದ್ದ ಹನ್ನೆರಡು ನಾವಿಕರಿಗೆ ಬೇರೆ ಬೇರೆ ಆಹಾರ ಕೊಟ್ಟು ನೋಡಿದಾಗ, ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಆದರೆ ಅವರು ತಿಂಗಳುಗಟ್ಟಲೆ ಸೊಪ್ಪು, ಹಣ್ಣುಗಳ ಮುಖವನ್ನೇ ಕಾಣದವರು. ಗಾಂಧಿ ಬಜಾರಿನ ಪಕ್ಕದಲ್ಲಿರುವ ನಿಮಗೆ ಆ ಕೊರತೆ ಇರಲಾರದು. ನಮ್ಮ ಸಣ್ಣ ನಿಂಬೆಯೊಂದರ ರಸದಲ್ಲಿ ಸಿಗುವ ವಿಟಮಿನ್ ಸಿ ಸುಮಾರು 10 ಮಿಲಿಗ್ರಾಂ. ಒಂದು ಸೀಬೆಹಣ್ಣು ಅದರ ಹತ್ತಿಪ್ಪತ್ತು ಪಟ್ಟು ಕೊಡುತ್ತದೆ. ರಾತ್ರಿಯೇ ಹಿಂಡಿಟ್ಟು ಬೆಳಗ್ಗೆ ಬಿಸಿ ಮಾಡಿದರೆ ಅಷ್ಟೂ ಉಳಿಯುವುದಿಲ್ಲ.

ತೂಕದ ಶ್ರೇಯಸ್ಸನ್ನು ನಾನಂತೂ ನಿಮ್ಮ ನಡಿಗೆಗೇ ಕೊಡುತ್ತೇನೆ. ನಿಂಬೆಗೆ ಕೊಬ್ಬು ಕರಗಿಸುವ ಗುಣವಿಲ್ಲ. ಊಟಕ್ಕೆ ಮುಂಚೆ ಒಂದು ಲೋಟ ನೀರು ಕುಡಿದರೆ ಹೊಟ್ಟೆ ತುಂಬಿದಂತಾಗಿ ತುಸು ಕಡಿಮೆ ತಿನ್ನುವುದುಂಟು, ಅದು ಬರಿಯ ನೀರಿನಿಂದಲೂ ಆಗುತ್ತದೆ. ಜೇನುತುಪ್ಪವಂತೂ ಸಕ್ಕರೆಯ ಬಂಧುವೇ: ದೊಡ್ಡ ಚಮಚವಾದರೆ ಒಂದಕ್ಕೇ 60 ಕ್ಯಾಲೊರಿ ಮೀರುತ್ತದೆ.

ನಿಂಬೆಯ ನಿಜವಾದ ಉಪಯೋಗ ತಟ್ಟೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ರಾಗಿ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ; ಅದೇ ತುತ್ತಿನಲ್ಲಿ ವಿಟಮಿನ್ ಸಿ ಇದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಬಸ್ಸಾರಿಗೆ, ಕೋಸಂಬರಿಗೆ ಒಲೆಯಿಂದ ಇಳಿಸಿದ ಮೇಲೆ ಅಥವಾ ಬಡಿಸುವಾಗ ಹಿಂಡುವ ನಮ್ಮ ಪದ್ಧತಿ ಇದಕ್ಕೆ ಹೇಳಿಮಾಡಿಸಿದಂತಿದೆ. ಊಟದ ಬೆನ್ನಿಗೇ ಫಿಲ್ಟರ್ ಕಾಫಿ ಕುಡಿದರೆ ಮಾತ್ರ ಆ ಲಾಭ ತಗ್ಗುತ್ತದೆ. ಇದನ್ನು ಬೆಂಗಳೂರಿನವರಿಗೆ ಹೇಳಿ ಪ್ರಯೋಜನವಿಲ್ಲವೆಂದು ನನಗೂ ಗೊತ್ತು.

ಎರಡು ಬಾರಿ ಕಲ್ಲು ತೆಗೆಸಿಕೊಂಡವನು

ನಿಮ್ಮ ಯಜಮಾನರ ಬಗ್ಗೆ ಒಂದೆರಡು ಮಾತು. ನಿಂಬೆಯಲ್ಲಿರುವ ಸಿಟ್ರೇಟ್ ಮೂತ್ರದಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲು ಕಟ್ಟುವುದನ್ನು ತಡೆಯುತ್ತದೆ ಎಂಬುದು ನಿಜ. ಆದರೆ ನನಗೆ ವೈದ್ಯರು ಹೇಳಿದ್ದ ಪ್ರಮಾಣ ದಿನಕ್ಕೆ ಸುಮಾರು ಅರ್ಧ ಬಟ್ಟಲು ರಸ, ಅಂದರೆ ನಾಲ್ಕೈದು ಹಣ್ಣು. ನನ್ನ ಎದೆಯುರಿ ಅದಕ್ಕೆ ಒಪ್ಪಲಿಲ್ಲ, ಕೊನೆಗೆ ಪೊಟ್ಯಾಸಿಯಂ ಸಿಟ್ರೇಟ್ ಔಷಧಿ ಬರೆದುಕೊಟ್ಟರು. ಮೊದಲು ಯಾವ ಬಗೆಯ ಕಲ್ಲು ಎಂದು ತಿಳಿಯಬೇಕು. ಸೋಂಕಿನಿಂದ ಆಗುವ ಕಲ್ಲಿಗೆ ಈ ಉಪಾಯ ಹೊಂದುವುದಿಲ್ಲ. ಕಲ್ಲು ಯಾವುದೇ ಆಗಿರಲಿ, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯುವಂತೆ ಅವರಿಗೆ ಹೇಳಿ.

ಬಸವನಗುಡಿ ಗೃಹಿಣಿ

ಎಲ್ಲರಿಗೂ ಅನಂತ ವಂದನೆಗಳು. ತಂಬಿಗೆಯ ಹೊಳಪನ್ನು ಲಾಭವೆಂದು ಬರೆದದ್ದಕ್ಕೆ ಈಗ ನಾಚಿಕೆಯಾಗುತ್ತಿದೆ. ಅದಕ್ಕೆ ಬರಿಯ ನೀರು ತುಂಬಿ ಬಂದೆ. ಯಜಮಾನರ ಹಳೆಯ ರಿಪೋರ್ಟು ಬೀರುವಿನಲ್ಲಿ ಸಿಕ್ಕಿತು, ಕ್ಯಾಲ್ಸಿಯಂ ಆಕ್ಸಲೇಟ್ ಎಂದಿದೆ, ಅಂದರೆ ಸೋಂಕಿನ ಕಲ್ಲಲ್ಲ. ಗುರುವಾರ ಅವರ ವೈದ್ಯರ ಬಳಿ ಹೋದಾಗ ಪ್ರಮಾಣದ ಬಗ್ಗೆ ಕೇಳುತ್ತೇವೆ. ಹಲ್ಲು ತೋರಿಸಲು ನಾಳೆ ಸಂಜೆಗೆ ಸಮಯ ಗೊತ್ತುಮಾಡಿಕೊಂಡಿದ್ದೇನೆ. ಉಳಿದಿದ್ದ ನಿಂಬೆಹಣ್ಣುಗಳು ಇವತ್ತಿನ ಚಿತ್ರಾನ್ನಕ್ಕೆ ಹೋದವು.