ಅಣ್ಣನಿಗೆ 39ಕ್ಕೇ ಹಾರ್ಟ್ ಅಟ್ಯಾಕ್, ನನ್ನ ಎಲ್‌ಡಿಎಲ್ 218: ಹೆಂಗಸು ಅಂತ ಸುಮ್ನಿರಬಹುದಾ?

ಸೇಡಂ ಮಗಳು:
ನನಗೆ 35 ವರ್ಷ. ಈಗ ಕಲಬುರಗಿಯಲ್ಲಿದ್ದೇನೆ. ಹೋದ ವರ್ಷ ಅಣ್ಣನಿಗೆ ಸ್ಟೆಂಟ್ ಹಾಕಿದರು. ಅಪ್ಪ 46ಕ್ಕೇ ತೊಗರಿ ಹೊಲದಲ್ಲಿ ಕುಸಿದು ತೀರಿಕೊಂಡಿದ್ದರು. ಅದಕ್ಕೇ ನಾನೂ ಟೆಸ್ಟ್‌ಗೆ ರಕ್ತ ಕೊಟ್ಟೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 218, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) 54, ಟ್ರೈಗ್ಲಿಸರೈಡ್ (ರಕ್ತದ ಇನ್ನೊಂದು ಕೊಬ್ಬು) 120. ಶುಗರ್ ಇಲ್ಲ, ಥೈರಾಯ್ಡ್ ಸರಿ ಇದೆ, ಮೈ ತೆಳ್ಳಗಿದೆ. ಊಟ ಅಂದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ. ಮನೆಯವರದ್ದು ಒಂದೇ ಮಾತು: ಮುಟ್ಟು ನಿಲ್ಲೋವರೆಗೆ ಹೆಂಗಸರಿಗೆ ಹಾರ್ಟಿಗೆ ಏನೂ ಆಗಲ್ಲ. ನಿಜವಾ? 9 ವರ್ಷದ ಮಗಳಿದ್ದಾಳೆ.

ಬೀದರ್ ನರ್ಸಕ್ಕ:
ಸುಮ್ನಿರಬೇಡ ತಂಗಿ. ಎಲ್‌ಡಿಎಲ್ 190 ದಾಟಿ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಅಟ್ಯಾಕ್ ಆಗಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ವಂಶದಿಂದ ಬರುವ ಕೊಲೆಸ್ಟ್ರಾಲ್ ಕಾಯಿಲೆಯನ್ನು. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ರಕ್ತದ ಎಲ್‌ಡಿಎಲ್ ಅನ್ನು ಲಿವರ್ ಎಳೆದುಕೊಳ್ಳಬೇಕು. ಆ ಕೆಲಸದ ಜೀನ್‌ನಲ್ಲಿ ದೋಷ ಇದ್ದರೆ ಹುಟ್ಟಿನಿಂದಲೇ ಅದು ರಕ್ತದಲ್ಲಿ ಉಳಿಯುತ್ತದೆ. ಊಟ ಬದಲಿಸಿದರೆ ಇಳಿಯುವುದು ಸ್ವಲ್ಪವೇ.

ಮನೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಈಸ್ಟ್ರೊಜನ್ ಅನ್ನೋ ಹೆಣ್ಣು ಹಾರ್ಮೋನ್ ಇರುವಷ್ಟು ದಿನ ಲಿವರ್ ಎಲ್‌ಡಿಎಲ್ ಅನ್ನು ಚೆನ್ನಾಗಿ ಎಳೆಯುತ್ತದೆ, ಎಚ್‌ಡಿಎಲ್ ಕೂಡ ಹೆಂಗಸರಿಗೆ ಜಾಸ್ತಿ. ಮುಟ್ಟು ನಿಂತ ಮೇಲೆ ಎಲ್‌ಡಿಎಲ್ ಏರುತ್ತದೆ. ಆದರೆ ಈ ಕಾಯಿಲೆಗೆ ಔಷಧಿ ಮಾಡದಿದ್ದರೆ ಗಂಡಸರಲ್ಲಿ ಸುಮಾರು ಅರ್ಧ ಜನಕ್ಕೆ 50ರೊಳಗೆ ಹೃದಯದ ತೊಂದರೆ ಬರುತ್ತದೆ, ಹೆಂಗಸರಲ್ಲಿ ಸುಮಾರು ಶೇ 30ರಷ್ಟು ಜನಕ್ಕೆ 60ರೊಳಗೆ. ತಡ ಆಗಬಹುದು, ಆದರೆ ಹೆಂಗಸು ಅಂತ ಅಪಾಯ ತಪ್ಪುವುದಿಲ್ಲ. ನಮ್ಮ ವಾರ್ಡಿಗೆ ಬರುವ ಹೆಂಗಸರಲ್ಲಿ ಎಷ್ಟೋ ಜನ ಎದೆನೋವನ್ನು ಗ್ಯಾಸ್ ಅಂದುಕೊಂಡೇ ದಿನ ದೂಡಿರುತ್ತಾರೆ. ನೋಡಿ ಹೊಟ್ಟೆ ಉರಿಯುತ್ತದೆ. ಲಿಪೊಪ್ರೋಟೀನ್ ಎ ಅಂತ, ಎಲ್‌ಡಿಎಲ್ ತರಹದ್ದೇ ಇನ್ನೊಂದು ಕೊಬ್ಬಿನ ಕಣದ ಟೆಸ್ಟ್ ಇದೆ, ಅದೂ ಹೆಚ್ಚಾಗಿ ವಂಶದ್ದೇ. ಒಮ್ಮೆ ಮಾಡಿಸು.

ಯಾದಗಿರಿ ಮೇಷ್ಟ್ರು:
ಇದು ಗಂಡುಮಕ್ಕಳಿಗಷ್ಟೇ ಬರುವುದಲ್ಲ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಅರ್ಧಕ್ಕರ್ಧ ಸಾಧ್ಯತೆ, ಹೆಣ್ಣಾಗಲಿ ಗಂಡಾಗಲಿ. ನಮ್ಮ ಕಡೆ ಸಂಬಂಧದಲ್ಲೇ ಮದುವೆ ಜಾಸ್ತಿ ಅಲ್ವಾ, ಅದಕ್ಕೇ ಕೇಳುತ್ತೇನೆ: ನಿಮ್ಮ ಯಜಮಾನರು ಸಂಬಂಧಿಕರಾ? ಇಬ್ಬರಿಂದಲೂ ಬಂದರೆ ಮಗುವಿಗೆ ಬಹಳ ಜೋರಾಗಿರುತ್ತದೆ, ಚಿಕ್ಕಂದಿನಲ್ಲೇ ಹೃದಯಕ್ಕೆ ಪೆಟ್ಟು ಬೀಳಬಹುದು.

ಸೇಡಂ ಮಗಳು:
ಹೌದು, ಸೋದರತ್ತೆ ಮಗ. ಅವರ ಟೆಸ್ಟ್ ಆಗೇ ಇಲ್ಲ. ಸೋಮವಾರ ಅವರಿಗೂ ಮಗಳಿಗೂ ಮಾಡಿಸುತ್ತೇನೆ. ಇನ್ನೊಂದು ಮಗು ಬೇಕು ಅಂತಿದ್ದೇವೆ. ಮಾತ್ರೆ ಶುರು ಮಾಡಬಹುದಾ?

ಬೀದರ್ ನರ್ಸಕ್ಕ:
ಅದನ್ನು ಮೊದಲೇ ಡಾಕ್ಟರಿಗೆ ಹೇಳು. ಮಗುವಿಗೆ ಪ್ರಯತ್ನಿಸುವಾಗ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಸಾಮಾನ್ಯವಾಗಿ ನಿಲ್ಲಿಸುತ್ತಾರೆ, ಯಾವಾಗ ಅಂತ ಅವರೇ ಹೇಳಬೇಕು. ಅಣ್ಣನ ರಿಪೋರ್ಟ್ ಜೊತೆಗೆ ಒಯ್ಯಿ. ಅವರ ಮಕ್ಕಳಿಗೂ ಟೆಸ್ಟ್ ಮಾಡಿಸಲು ಅತ್ತಿಗೆಗೆ ಇವತ್ತೇ ಫೋನ್ ಮಾಡು.