ಹೆಪಟೈಟಿಸ್ ಸಿ: ಜೀನೋಟೈಪ್ ಟೆಸ್ಟ್ ಮಾಡಿಸಲೇಬೇಕಾ?

ಪ್ರಶ್ನೆ: ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚಿನ ರಕ್ತಪರೀಕ್ಷೆಯಲ್ಲಿ ಅಪ್ಪನಿಗೆ ಆ್ಯಂಟಿ ಎಚ್‌ಸಿವಿ (ಹೆಪಟೈಟಿಸ್ ಸಿ ವೈರಸ್‌ನ ಆ್ಯಂಟಿಬಾಡಿ ಟೆಸ್ಟ್) ಪಾಸಿಟಿವ್ ಬಂತು. ವೈರಲ್ ಲೋಡ್ ಟೆಸ್ಟ್‌ನಲ್ಲೂ ವೈರಸ್ ಸಿಕ್ಕಿದೆ. ಈಗ ವೈರಸ್ ಯಾವ ತಳಿಯದು ಅಂತ ನೋಡುವ ಜೀನೋಟೈಪ್ ಟೆಸ್ಟ್ ಕೂಡ ಮಾಡಿಸಿ ಅಂತಿದ್ದಾರೆ, ಅದಕ್ಕೆ ಸಾವಿರಾರು ರೂಪಾಯಿ. ಅದಿಲ್ಲದೆ ಮಾತ್ರೆ ಶುರು ಮಾಡಲು ಆಗಲ್ವಾ? ಅನುಭವ ಇದ್ದವರು ಹೇಳಿ.

ಉತ್ತರ 1: ನನ್ನ ಹೆಂಡತಿಗೆ ಮಾಡಿಸಲೇ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದೆವು. ಲಿವರ್ ಟೆಸ್ಟ್, ಪ್ಲೇಟ್‌ಲೆಟ್, ಹೊಟ್ಟೆ ಸ್ಕ್ಯಾನ್ ನೋಡಿ ಸಿರೋಸಿಸ್ (ಲಿವರ್ ಗಾಯವಾಗಿ ಗಟ್ಟಿಯಾಗುವುದು) ಇಲ್ಲ ಅಂದರು, ಸೊಫೋಸ್ಬುವಿರ್ ಮತ್ತು ಡಾಕ್ಲಾಟಾಸ್ವಿರ್ ಮಾತ್ರೆ 12 ವಾರ ಕೊಟ್ಟರು. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಅಂತ 2018ರಲ್ಲಿ ಶುರುವಾಗಿದೆ, ಅದರಲ್ಲಿ ಮಾತ್ರೆ ಉಚಿತ. ಮೊದಲು ಅಲ್ಲಿ ವಿಚಾರಿಸಿ, ಆಮೇಲೆ ದುಡ್ಡು ಬಿಚ್ಚಿ.

ಉತ್ತರ 2: ನನಗೆ ಇಂಟರ್‌ಫೆರಾನ್ ಅನ್ನೋ ಸೂಜಿಮದ್ದಿನ ಕಾಲದಲ್ಲಿ ಚಿಕಿತ್ಸೆ ಆಗಿದ್ದು. ಆಗ ಈ ಟೆಸ್ಟ್ ಇಲ್ಲದೆ ಡಾಕ್ಟರ್ ಸೂಜಿಯನ್ನೇ ಮುಟ್ಟುತ್ತಿರಲಿಲ್ಲ, ಯಾಕೆಂದರೆ ಟೈಪ್ 1 ಬಂದರೆ 48 ವಾರ, 2 ಅಥವಾ 3 ಬಂದರೆ 24 ವಾರ, ಆ ಜ್ವರ, ಮೈಕೈ ನೋವು, ಕೂದಲು ಉದುರುವುದು ಎಲ್ಲ ಅನುಭವಿಸಿದವರಿಗೆ ಅರ್ಧ ವರ್ಷ ಕಡಿಮೆ ಅಂದರೆ ಏನು ಅಂತ ಗೊತ್ತು. ಈಗಿನ ಮಾತ್ರೆಗಳು ಹೆಚ್ಚುಕಡಿಮೆ ಎಲ್ಲ ಟೈಪ್‌ಗೂ ಕೆಲಸ ಮಾಡುತ್ತವೆ. ಆದರೂ ಕೆಲವರು ಹಳೆಯ ಅಭ್ಯಾಸಕ್ಕೆ ಬರೆದುಕೊಡುತ್ತಾರೆ ಅಂತ ನನ್ನ ಅನಿಸಿಕೆ.

ಉತ್ತರ 3: ನಾನು ಲ್ಯಾಬ್‌ನಲ್ಲಿ ಇದೇ ಕೆಲಸ ಮಾಡುವವಳು. ಮೇಲಿನವರು ಹೇಳಿದ್ದು ಸರಿ, ಆದರೆ ಟೆಸ್ಟೇ ದಂಡ ಅನ್ನಬೇಡಿ. ಈ ವೈರಸ್‌ನಲ್ಲಿ 8 ಜೀನೋಟೈಪ್‌ಗಳಿವೆ; ನಮ್ಮ ದೇಶದಲ್ಲಿ ಜಾಸ್ತಿ ಸಿಗುವುದು 3, ಆಮೇಲೆ 1. ನಂಬರ್ ದೊಡ್ಡದಾದರೆ ಕಾಯಿಲೆ ದೊಡ್ಡದು ಅಂತಲ್ಲ, ಇದನ್ನು ತುಂಬಾ ಜನ ಕೇಳುತ್ತಾರೆ. ರಕ್ತದ ಪ್ಲಾಸ್ಮಾದಿಂದ ವೈರಸ್‌ನ ಆರ್‌ಎನ್‌ಎ (ಅದರ ಜೀನ್‌ಗಳಿರುವ ಎಳೆ) ತೆಗೆದು, ಪಿಸಿಆರ್ ಅನ್ನೋ ವಿಧಾನದಲ್ಲಿ ಅದರ ನಕಲು ಹೆಚ್ಚಿಸಿ, ಸ್ಟ್ರಿಪ್ ಮೇಲಿರುವ ಯಾವ ಪ್ರೋಬ್‌ಗೆ (ಒಂದೊಂದು ಟೈಪ್‌ಗೆ ಹೊಂದುವ ತುಣುಕಿಗೆ) ಅಂಟುತ್ತದೆ ಅಂತ ನೋಡುತ್ತೇವೆ, ಇಲ್ಲವೇ ಸೀಕ್ವೆನ್ಸಿಂಗ್ ಮಾಡಿ ಅದರ ಅಕ್ಷರಕ್ರಮವನ್ನೇ ಓದುತ್ತೇವೆ. ವೈರಸ್‌ನ ಹೆಚ್ಚು ಬದಲಾಗದ ತುದಿಯನ್ನು ಮಾತ್ರ ನೋಡಿದರೆ 1 ಮತ್ತು 6 ಕಲಸಿಹೋಗಬಹುದು, ಅದಕ್ಕೇ ಕೋರ್ ಅಥವಾ ಎನ್‌ಎಸ್5ಬಿ ಅನ್ನೋ ಬೇರೆ ಜೀನ್ ಭಾಗವನ್ನೂ ನೋಡುವ ವಿಧಾನ ಒಳ್ಳೆಯದು. ವೈರಲ್ ಲೋಡ್ ತೀರಾ ಕಡಿಮೆ ಇದ್ದರೆ ಟೈಪ್ ಗೊತ್ತಾಗಲಿಲ್ಲ ಅಂತ ರಿಪೋರ್ಟ್ ಬರುತ್ತದೆ, ಅದನ್ನು ನೆಗೆಟಿವ್ ಅಂತ ಓದಿಕೊಳ್ಳಬೇಡಿ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬ್‌ನಲ್ಲಿ ಕೊಡಿ, ಅದೇ ಕೆಲಸಕ್ಕೆ ಹಾಕುವ ಹೆಪಾರಿನ್ ಪಿಸಿಆರ್ ಅನ್ನೇ ಕೆಡಿಸುತ್ತದೆ.

ಯಾರಿಗೆ ಬೇಕು ಅಂದರೆ, ಒಮ್ಮೆ ಮಾತ್ರೆ ಮುಗಿಸಿಯೂ ವೈರಸ್ ಹೋಗದವರಿಗೆ. ಸಿರೋಸಿಸ್ ಇರುವವರಿಗೂ ಕೆಲವು ಡಾಕ್ಟರ್ ಕೇಳುತ್ತಾರೆ, ಟೈಪ್ 3 ಜೊತೆ ಸಿರೋಸಿಸ್ ಸೇರಿದರೆ ಗುಣ ಮಾಡುವುದು ಸ್ವಲ್ಪ ಕಷ್ಟ. ನಿಮ್ಮ ತಂದೆಗೆ ಇದೇ ಮೊದಲ ಚಿಕಿತ್ಸೆ, ಲಿವರ್ ಚೆನ್ನಾಗಿದೆ ಅಂದರೆ ಇದಕ್ಕಾಗಿ ಕಾಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಉತ್ತರ 4: ನಮಗೆ ನಿಜವಾಗಿ ಉಪಯೋಗಕ್ಕೆ ಬಂತು. ತಮ್ಮ ಡಯಾಲಿಸಿಸ್‌ನಲ್ಲಿದ್ದಾನೆ. ಮೊದಲ ಸಲ ಟೈಪ್ 1 ಇತ್ತು, ಗುಣವಾಯಿತು, ಮರುವರ್ಷ ಮತ್ತೆ ವೈರಸ್ ಕಾಣಿಸಿತು. ಮಾತ್ರೆ ಸರಿಯಾಗಿ ನುಂಗಿಲ್ಲ ಅಂತ ಅವನನ್ನೇ ಬೈದರು. ಜೀನೋಟೈಪ್ ಮಾಡಿಸಿದರೆ 3 ಬಂತು! ಹಳೆಯದು ತಿರುಗಿ ಬಂದದ್ದಲ್ಲ, ಹೊಸದಾಗಿ ಅಂಟಿದ್ದು. ಆಮೇಲೆ ಡಯಾಲಿಸಿಸ್ ಸೆಂಟರ್ ಬದಲಿಸಿದೆವು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ಸರ್ಕಾರಿ ಆಸ್ಪತ್ರೆಗೆ ಹೋಗುತ್ತೇವೆ. ಬೇರೆ ಏನಾದರೂ ಮುಂಚೆಯೇ ಕೇಳಬೇಕಾ?

ಉತ್ತರ 3: ಹೆಪಟೈಟಿಸ್ ಬಿ ಟೆಸ್ಟ್ ಆಗಿದೆಯಾ ನೋಡಿ, ಅದು ಇದ್ದರೆ ಸಿ ಮಾತ್ರೆ ತೆಗೆದುಕೊಳ್ಳುವಾಗ ಬಿ ಕೆರಳಬಹುದು. ಅಪ್ಪ ನುಂಗುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಹೃದಯಕ್ಕೆ ಅಮಿಯೊಡರೋನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಗ್ಯಾಸ್ ಮಾತ್ರೆಯನ್ನೂ ಬಿಡದೆ ಹೇಳಿ. ಕೋರ್ಸ್ ಮುಗಿದು 12 ವಾರದ ಮೇಲೆ ಮಾಡಿಸಬೇಕಾದದ್ದು ಆರ್‌ಎನ್‌ಎ ಟೆಸ್ಟ್. ಆ್ಯಂಟಿಬಾಡಿ ಟೆಸ್ಟ್ ಗುಣವಾದವರಲ್ಲೂ ಪಾಸಿಟಿವ್ ಆಗಿಯೇ ಉಳಿಯಬಹುದು, ಅದನ್ನು ಮತ್ತೆ ಮಾಡಿಸಿ ಸುಮ್ನೆ ಗಾಬರಿ ಆಗಬೇಡಿ.