ಹಸಿರು ಚುಕ್ಕೆ ಯಾರದ್ದು?

ಭಾನುವಾರ ಬೆಳಗ್ಗೆ ಅಮ್ಮನ ಕಡೆಯವರ ಗುಂಪಲ್ಲಿ ನಡೆದದ್ದು. ಗುಡ್ ಮಾರ್ನಿಂಗ್ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ಶ್ರೀಧರ ಮಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಕೆಟ್ಟ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮುನ್ನ ಓದಿ!! ಒಂದೊಂದರಲ್ಲೂ 1 ಗ್ರಾಂ ಚಿನ್ನ! 2,000ಕ್ಕೆ ಕೊಂಡು ಬಿಡಿಭಾಗ ಮಾರಿ, ಮನೆಯಲ್ಲೇ ಕೂತು ತಿಂಗಳಿಗೆ 50,000!!

ಶ್ರೀಧರ ಮಾವ: ರಿಟೈರ್ ಆದ ಮೇಲೆ ಇದೇ ಮಾಡೋಣ ಅಂತಿದ್ದೇನೆ.

ದೀಪು: ಯಾರು ಹೇಳಿದ್ದು ಮಾವ ಇದು? 2020ರ ಟೋಕಿಯೊ ಒಲಿಂಪಿಕ್ಸ್ ಪದಕಕ್ಕೆ ಜಪಾನಿನವರು ಹಳೇ ಫೋನು, ಸಣ್ಣಪುಟ್ಟ ಯಂತ್ರ ಎಲ್ಲ ಸೇರಿಸಿ ಸುಮಾರು 79,000 ಟನ್ ಕೂಡಿಹಾಕಿದರು. ಸಿಕ್ಕ ಚಿನ್ನ 32 ಕೆಜಿ. ಟನ್ನಿಗೆ ಅರ್ಧ ಗ್ರಾಂ ಕೂಡ ಇಲ್ಲ.

ದೀಪು: ಬಿಡಿಭಾಗದ ಮಾತು ಒಪ್ಪುತ್ತೇನೆ. ನಾನೂ ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಿಂದ ಡೆಡ್ ಪೀಸ್ ತರುತ್ತೇನಲ್ಲ. ಸ್ಕ್ರೀನ್, ರ‍್ಯಾಮ್, ಕೀಬೋರ್ಡ್ ಹೋಗುತ್ತೆ. ಕಾಫಿ ಚೆಲ್ಲಿದ್ದೋ, ಬಯೋಸ್ ಪಾಸ್‌ವರ್ಡ್ (ಆನ್ ಮಾಡಿದ ಕೂಡಲೇ ಕೇಳೋ ಲಾಕ್) ಬಿದ್ದಿದ್ದೋ ಬಂದರೆ ದುಡ್ಡು ಮುಳುಗಿತು. ಕೆಲವು ಮಾತ್ರ ರ‍್ಯಾಮ್ ತೆಗೆದು ಪಿನ್ನಿಗೆ ರಬ್ಬರ್ ಉಜ್ಜಿ ಹಾಕಿದರೆ ಎದ್ದು ಕೂರುತ್ತವೆ. ಅದನ್ನು ನಂಬಿ ತಿಂಗಳ ಲೆಕ್ಕ ಹಾಕೋಕೆ ಆಗಲ್ಲ.

(ಇಷ್ಟು ಉದ್ದದ್ದನ್ನು ಯಾರೂ ಓದಲಿಲ್ಲ. ಮುಂದಿನ ಮೆಸೇಜ್ ತಕ್ಷಣ ಬಂತು.)

ದೊಡ್ಡಪ್ಪ: ಬೇರೆಯವರು ಬಿಸಾಕಿದ್ದನ್ನು ಮನೆಗೆ ತರಬಾರದು ಶ್ರೀಧರ. ಇದ್ದದ್ದನ್ನು ಜೋಪಾನ ಮಾಡೋದು ಕಲಿಯಬೇಕು. ನನ್ನ ಎಚ್‌ಎಂಟಿ ವಾಚ್ 1979ರದ್ದು. ಇವತ್ತಿಗೂ ಓಡುತ್ತಿದೆ.

ದೊಡ್ಡಮ್ಮ: ದಿನಾ 10 ನಿಮಿಷ ಹಿಂದೆ.

ಚೇತನ: ಎಸ್‌ಪಿ ರೋಡ್!!! ಅಪ್ಪ, ನೆನಪಿದೆಯಾ? 2003. ಟೌನ್ ಹಾಲ್ ಹತ್ರ ಇಳಿದು ನಡೆದು ಹೋಗಿ ಪೆಂಟಿಯಂ 4 ಜೋಡಿಸಿಕೊಂಡು ಬಂದೆವು. 256 ಎಂಬಿ ರ‍್ಯಾಮ್. ವಾಪಸ್ ಬರುವಾಗ ಆಟೋದಲ್ಲಿ ಆ ದಪ್ಪ ಮಾನಿಟರ್ ನನ್ನ ತೊಡೆ ಮೇಲೆ. ಹೊರಡೋ ಮುಂಚೆ ಮಸಾಲೆ ದೋಸೆ.

ದೊಡ್ಡಪ್ಪ: ಪೂರಿ. ದುಡ್ಡು ಕೊಟ್ಟವನು ನಾನು.

ಚಿಕ್ಕಮ್ಮ: ಬಿಡಿಭಾಗದ ಮಾತು ಬಂತಲ್ಲ, ಕೇಳೇಬಿಡುತ್ತೇನೆ. ಅಣ್ಣ, ಲಾಕ್‌ಡೌನಲ್ಲಿ "ಸ್ಕ್ರೀನ್ ಮಡಚೋ ಹಿಂಜ್ ತಾನೇ, ರಿಪೇರಿ ಮಾಡಿಸ್ತೀನಿ" ಅಂತ ತಗೊಂಡು ಹೋದೆಯಲ್ಲ, ನನ್ನ ಲ್ಯಾಪ್‌ಟಾಪ್ ಎಲ್ಲಿ?

ಶ್ರೀಧರ ಮಾವ: ಬೋರ್ಡ್ ಹೋಗಿದೆ ಅಂದರು ಅಂತ ಆಗಲೇ ಹೇಳಿದ್ದೆ. ಈಗ ಯಾಕೆ ಆ ವಿಷಯ?

ಚಿಕ್ಕಮ್ಮ: ಮೊನ್ನೆ ನಿನ್ನ ಮಗ ಆದಿ ಲ್ಯಾಪ್‌ಟಾಪಿಗೆ ಹೊಸ ಸ್ಕ್ರೀನ್ ಅಂತ ನೀನು ಸ್ಟೇಟಸ್ ಹಾಕಿದ್ದೆಯಲ್ಲ. ನಾನು ದೊಡ್ಡದು ಮಾಡಿ ನೋಡಿದೆ. ಬಲಗಡೆ ಕೆಳಗೆ, ಟೈಮ್ ತೋರಿಸೋ ಜಾಗದ ಮೇಲೆ ಒಂದು ಹಸಿರು ಚುಕ್ಕೆ. ಧೂಳು ಅಂದುಕೊಂಡು ಅದನ್ನು ಸೆರಗಲ್ಲಿ ಎಷ್ಟು ಸಲ ಒರೆಸಿದ್ದೇನೋ. ಆ ಚುಕ್ಕೆ ನನ್ನದು.

(ನೀಲಿ ಟಿಕ್ ಬಿತ್ತು. ಹತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ.)

ದೀಪು: ಸ್ಕ್ರೀನ್ ಅಳತೆ ಒಂದೇ ಇದ್ದು, ಕೇಬಲ್ ಸೇರೋ ಜಾಗ ಎರಡರಲ್ಲೂ 30 ಪಿನ್ ಆಗಿದ್ದರೆ ಕಂಪನಿ ಬೇರೆಯಾದರೂ ಸಾಮಾನ್ಯವಾಗಿ ಕೂರುತ್ತೆ.

ಅಮ್ಮ: ದೀಪು, ನೀನು ಸುಮ್ನಿರೋ.

ದೀಪು: ಮಾವ, ಹಾರ್ಡ್ ಡಿಸ್ಕ್ ಆದರೂ ಇದೆಯಾ? ಬೋರ್ಡ್ ಹೋದರೂ ಅದು ಚೆನ್ನಾಗಿರಬಹುದು. ಯುಎಸ್‌ಬಿ ಕೇಸ್‌ಗೆ ಹಾಕಿ ನೋಡೋಣ, ಅಜ್ಜಿ ಫೋಟೊಗಳು ಸಿಕ್ಕರೂ ಸಿಕ್ಕಾವು.

ಶ್ರೀಧರ ಮಾವ: ಇದೆ. ಹೊಲಿಗೆ ಮೆಷಿನ್ ಡ್ರಾಯರಲ್ಲಿ.

ಚಿಕ್ಕಮ್ಮ: ಚಾರ್ಜರ್?

ಶ್ರೀಧರ ಮಾವ: (ಈ ಮೆಸೇಜ್ ಅಳಿಸಲಾಗಿದೆ)

ಚೇತನ: ಅಪ್ಪ, ದೇವರಾಣೆಗೂ ದೋಸೆನೇ.